ಹಳಿ ಬಾರಿಸಲು ಅಪ್ಪಣೆ

ವಾಡಿ ಹತ್ತಿರದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯೊಂದಕ್ಕೆ ಆಳುಗಳನ್ನು ನೋಡಿಕೊಳ್ಳುವ ಮುಕಾದಮನಾಗಿ ಬಂದ ದಿನವೇ ಭೀಮಾಶಂಕರ ಮುಖ ಗಂಟು ಹಾಕಿಕೊಂಡ. ಖಣಿಯ ದಂಡೆಯ ಬೇವಿನ ಮರಕ್ಕೆ ರೈಲುಹಳಿಯ ತುಂಡೊಂದು ನೇತಾಡುತ್ತಿತ್ತು. ಗೋಡೆ ಜರಿದೀತೆಂದು ಯಾರಿಗೆ ಭಯವಾದರೂ ಸರಿ, ಓಡಿಹೋಗಿ ಅದನ್ನು ಬಾರಿಸಬಹುದು. ಬಾರಿಸಿದ ಕೂಡಲೇ ಕೆಳಗಿದ್ದವರೆಲ್ಲ ಮೇಲೆ ಬರಬೇಕು. ಯಾಕೆ ಬಾರಿಸಿದೆ ಎಂದು ಯಾರೂ ಕೇಳುವಂತಿಲ್ಲ.

ಹಳೆಯ ಮುಕಾದಮ ಫಕೀರಸಾಬ ಹಾಕಿಕೊಟ್ಟ ರಿವಾಜು ಅದು. ಮುದುಕನಿಗೆ ಜೋರು ಮಾಡಲು ಬರುತ್ತಿರಲಿಲ್ಲ. ಬೆಳಿಗ್ಗೆ ಎಲ್ಲರ ಜೊತೆ ಚಹಾ ಕುಡಿಯುತ್ತಾ, "ನಿನ್ನೆ ಎಲ್ಲೆಲ್ಲಿ ಬಿರುಕು ಕಂಡ್ರಿ, ಹೇಳ್ರಿ" ಎನ್ನುತ್ತಿದ್ದ. ಕಲ್ಲು ಕಡಿಮೆ ಬರುತ್ತಿತ್ತು. ಸಂಜೆ ಎಲ್ಲರೂ ಮನೆಗೆ ಹೋಗುತ್ತಿದ್ದರು. ಮಾಲೀಕನಿಗೆ ಕಲ್ಲು ಬೇಕಿತ್ತು.

"ಮಂದೀನ ತಲೀಮ್ಯಾಲ ಕುಂದ್ರಿಸ್ಕೊಂಡ್ರ ಖಣಿ ನಡೀತದೇನು?" ಎಂದ ಭೀಮಾಶಂಕರ. ಕೆಟ್ಟವನಲ್ಲ ಅವನು, ಹೆದರಿದವನು. ಹಿಂದಿನ ಖಣಿಯಲ್ಲಿ 'ಇವನ ಮಾತು ಆಳುಗಳು ಕೇಳುವುದಿಲ್ಲ' ಎಂದು ಕೆಲಸದಿಂದ ತೆಗೆದಿದ್ದರು. ಆ ಮುಳ್ಳು ಎದೆಯಲ್ಲಿ ಹಾಗೇ ಉಳಿದಿತ್ತು.

ಕಲ್ಲು ಹೊರುವ ಭಾಗ್ಯ ಒಮ್ಮೆ ಹಳಿ ಬಾರಿಸಿದಳು. ಎಲ್ಲರೂ ಮೇಲೆ ಬಂದರು. ಏನೂ ಬೀಳಲಿಲ್ಲ. ಭೀಮಾಶಂಕರ ಉರಿದುಬಿದ್ದ.

"ಯಾರನ್ನ ಕೇಳಿ ಬಾರಿಸ್ದಿ? ಇನ್ನಮ್ಯಾಲ ನನ್ನ ಕೇಳಲಾರದ ಹಳಿ ಮುಟ್ಟಿದ್ರ ಇಡೀ ಗ್ಯಾಂಗಿನ ಪಗಾರ ಕಟ್!"

ಅವತ್ತು ಭಾಗ್ಯಳನ್ನು ಜೊತೆಯವರೇ ಬೈದರು. ಮುಂದೆ ಬೇವಿನ ಮರದ ಕಡೆ ಯಾರೂ ಸುಳಿಯಲಿಲ್ಲ.

ಖಣಿ ಗಪ್ಪಾಯಿತು. ಅಬ್ಬಾ, ಅವನ ಖುಷಿ ಏನು ಕೇಳುತ್ತೀರಿ! ಲಾರಿಯ ಹಿಂದೆ ಲಾರಿ ತುಂಬಿತು, ಮಾಲೀಕ ಬೆನ್ನು ತಟ್ಟಿದ. "ನೋಡ್ರಿ, ಒಬ್ರೂ ತುಟಿಪಿಟಕ್ ಅನ್ನಂಗಿಲ್ಲ" ಎಂದು ಭೀಮಾಶಂಕರ ಬೀಗಿದ. ಆ ಮೌನವನ್ನು ಮರ್ಯಾದೆ ಎಂದುಕೊಂಡ, ಹುಚ್ಚಪ್ಪ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ಈ ಖಣಿಯಲ್ಲಿ ಬಾಯಿದ್ದವರಿಗೇ ಕೂಲಿ ಇರಲಿಲ್ಲ.

ಶ್ರಾವಣದ ಮಳೆ ಹಿಡಿಯಿತು. ಕಲ್ಲಿನ ಮೇಲಿನ ಕರಿಮಣ್ಣು ನೀರು ಕುಡಿದು ಉಬ್ಬಿತು. ಮಳೆ ಬಿಟ್ಟ ಮಧ್ಯಾಹ್ನ, ಆಳುಗಳು ಬುತ್ತಿ ಬಿಚ್ಚಲು ಮೇಲೆ ಹೋದಾಗ, ದೊಡ್ಡ ಹಾಸುಗಲ್ಲೊಂದರ ಅಳತೆ ಹಿಡಿಯಲು ಭೀಮಾಶಂಕರ ತಾನೇ ಕೆಳಗಿಳಿದ. ಖಣಿಯ ಗೋಡೆಗೆ ಬೆನ್ನು ಮಾಡಿ ಬಗ್ಗಿದ. ಹೆಗಲ ಮೇಲೆ ಹಿಡಿ ಮಣ್ಣು ಉದುರಿತು. ಝಾಡಿಸಿಕೊಂಡ. ಮತ್ತೆ ಉದುರಿತು.

ತಲೆ ಎತ್ತಿದ. ಎದುರು ದಂಡೆಯ ಮೇಲೆ ಎಲ್ಲರೂ ಊಟ ಬಿಟ್ಟು ಎದ್ದು ನಿಂತಿದ್ದರು. ಅವರ ಕಣ್ಣು ಅವನ ಮೇಲಿರಲಿಲ್ಲ, ಅವನ ಹಿಂದಿನ ಗೋಡೆಯ ಮೇಲಿತ್ತು. ಯಾವಾಗಿನಿಂದ ನೋಡುತ್ತಿದ್ದಾರೆ ಇವರು? ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಕೂಗಲಿಲ್ಲ.

ಬೇವಿನ ಮರದಡಿ ಭಾಗ್ಯ ಸುತ್ತಿಗೆ ಎತ್ತಿ ನಿಂತಿದ್ದಳು.

"ಮುಕಾದಮ್ರ," ಅಂದಳು, "ಬಾರಿಸ್ಲೇನ್ರಿ?"

ಹೂಂ ಎನ್ನಲು ಭೀಮಾಶಂಕರ ಬಾಯಿ ತೆರೆದ. ಬೆನ್ನ ಹಿಂದೆ ಗೋಡೆ ಆಗಲೇ ಜರಿಯತೊಡಗಿತ್ತು.