ಕೈ ಹಿಂದೆ ಕಟ್ಟಿ ಕಲಿಸಿದವರು

ಈ ಅಭಿನಂದನ ಸಂಪುಟದಲ್ಲಿ ಬರೆಯಲು ನನಗೇನು ಅರ್ಹತೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಲ್ಲಿ ಬರೆದಿರುವ ಉಳಿದವರೆಲ್ಲ ವಿದ್ವಾಂಸರು, ಪ್ರಾಧ್ಯಾಪಕರು. ನಾನು ಹಗಲು ಮುದ್ರಣಾಲಯದಲ್ಲಿ ಹಾಳೆ ಮಡಚಿ, ಸಂಜೆ ತರಗತಿಯಲ್ಲಿ ಕನ್ನಡ ಕಲಿತವಳು. ವಾಕ್ಯ ಎಲ್ಲಾದರೂ ತೊಡರಿದರೆ ತಪ್ಪು ನನ್ನದು, ಕಲಿಸಿದವರದಲ್ಲ.

ಇನ್ನೊಂದು ಅಳುಕೂ ಇದೆ. ಸನ್ಮಾನದ ಪುಸ್ತಕದಲ್ಲಿ ಸನ್ಮಾನಿತರ ತಪ್ಪನ್ನು ಬರೆಯುವುದು ವಾಡಿಕೆಯಲ್ಲ. ನಾನು ಬರೆಯಹೊರಟಿರುವುದು ಮುಖ್ಯವಾಗಿ ಅದನ್ನೇ. ಬರೆಯಲೇ ಎಂದು ಸನ್ಮಾನಿತರಾದ ನಮ್ಮ ಗ್ರಂಥಪಾಲಕಿ ಮೇಡಂ ಅವರನ್ನೇ ಕೇಳಿದೆ. "ಬರಿ. ಆದ್ರೆ ಮೆತ್ತಗೆ ಮಾಡಬೇಡ. ಮೆತ್ತಗೆ ಮಾಡಿದ್ರೆ ಅದೂ ಒಂದು ಸುಳ್ಳೇ ಆಗುತ್ತೆ" ಎಂದರು. ಆ ಮಾತನ್ನು ನಂಬಿ ಮುಂದುವರಿಯುತ್ತಿದ್ದೇನೆ. ನಾನು ಕಣ್ಣಾರೆ ಕಾಣದ ಸಂಗತಿಗಳನ್ನು ಕಂಡವರ ಬಳಿ ಕೇಳಿಕೊಂಡಿದ್ದೇನೆ. ಖಚಿತವಾಗದಿದ್ದಲ್ಲಿ ಹಾಗೆಂದೇ ಹೇಳಿದ್ದೇನೆ.

ಗ್ರಂಥಪಾಲಕರೆಂದರೆ ಪುಸ್ತಕ ಕೊಡುವವರು, ತಡವಾದರೆ ಗದರುವವರು, ಮಾತಾಡಿದರೆ ತುಟಿಗೆ ಬೆರಳಿಡುವವರು ಎಂದೇ ಬಹಳ ಜನ ತಿಳಿದಿದ್ದ ಕಾಲದಲ್ಲಿ, ಗ್ರಂಥಪಾಲಕರು ಮೂಲತಃ ಉಪಾಧ್ಯಾಯರು, ಅವರ ಪಾಠ ಪುಸ್ತಕದೊಳಗಿನದಲ್ಲ, ಯಾವ ಮಾತನ್ನು ಎಷ್ಟು ನಂಬಬೇಕೆಂಬುದು ಎಂದು ತೋರಿಸಿಕೊಟ್ಟವರಲ್ಲಿ ನಮ್ಮ ಮೇಡಂ ಮೊದಲ ಸಾಲಿನವರು. ಅವರು ಈ ಗ್ರಂಥಾಲಯಕ್ಕೆ ಬಂದಾಗ ಕಪಾಟುಗಳಿಗೆಲ್ಲ ಬೀಗವಿತ್ತಂತೆ. ಬೇಕಾದ ಪುಸ್ತಕದ ಹೆಸರು ಚೀಟಿಯಲ್ಲಿ ಬರೆದುಕೊಟ್ಟು ಬೆಂಚಿನ ಮೇಲೆ ಕಾಯಬೇಕಿತ್ತಂತೆ. ಅವರು ಮಾಡಿದ ಮೊದಲ ಕೆಲಸ ಬೀಗ ತೆಗೆಸಿದ್ದು. "ಪುಸ್ತಕ ಕಳುವಾದರೆ?" ಎಂದು ಮೇಲಿನವರು ಕೇಳಿದ್ದಕ್ಕೆ, "ಓದೋರೇ ಕದ್ದಿರ್ತಾರೆ ಬಿಡಿ ಸಾರ್" ಎಂದರಂತೆ. ಇದನ್ನು ಹೇಳಿದ್ದು ಹಳೆಯ ಜವಾನರೊಬ್ಬರು. ಮೇಡಂ ಮಾತ್ರ ತಾನು ಹಾಗೆ ಹೇಳಿದ ನೆನಪಿಲ್ಲ ಎನ್ನುತ್ತಾರೆ.

ನಾನು ಅವರನ್ನು ಮೊದಲು ಕಂಡದ್ದು ಸಂಜೆ ತರಗತಿಯ ಪ್ರಬಂಧವೊಂದಕ್ಕೆ ಮಾಹಿತಿ ಹುಡುಕುತ್ತ ಹೋದಾಗ. ಕೈಗೆ ಅಂಟು ಮೆತ್ತಿತ್ತು, ಕಂಪ್ಯೂಟರ್ ಮುಟ್ಟಲು ಭಯ. ಅವರು ಪಕ್ಕಕ್ಕೆ ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿ, ತಾವು ಎರಡೂ ಕೈ ಹಿಂದೆ ಕಟ್ಟಿ ನಿಂತರು. ನಾನು ತಪ್ಪು ಒತ್ತಿದೆ, ಪರದೆ ಬೇರೆಲ್ಲಿಗೋ ಹೋಯಿತು. ಅವರ ಕೈ ಮುಂದೆ ಬರಲಿಲ್ಲ. "ಹಿಂದಕ್ಕೆ ಬಾ. ಅವಸರ ಏನಿಲ್ಲ, ಅದು ಎಲ್ಲೂ ಓಡಿಹೋಗಲ್ಲ" ಎಂದರಷ್ಟೆ. ಆಮೇಲಿನ ಅಷ್ಟೂ ವರ್ಷಗಳಲ್ಲಿ ಅವರು ಕಲಿಯುವವರ ಕೈಯಿಂದ ಮೌಸ್ ಕಿತ್ತುಕೊಂಡದ್ದನ್ನು ನಾನು ನೋಡಿಲ್ಲ. ಉತ್ತರ ಗೊತ್ತಿದ್ದರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಎದ್ದು ನಿಮ್ಮ ಜೊತೆ ಕಪಾಟಿನವರೆಗೆ ನಡೆದು ಬರುತ್ತಿದ್ದರು. ಸಿಕ್ಕಿದ ಮೇಲೆ ಕೇಳುತ್ತಿದ್ದರು: "ಇದು ಎಲ್ಲಿಂದ ಬಂತು? ಹೇಳಿದೋರಿಗೆ ಹೇಗೆ ಗೊತ್ತು? ಬೇರೆ ಯಾರು ಹೇಳಿದಾರೆ?" ಇದರಿಂದಾಗಿ ಅವರಿಗೆ 'ಎಲ್ಲಿಂದ ಮೇಡಂ' ಎಂಬ ಅಡ್ಡಹೆಸರೇ ಬಿದ್ದಿತ್ತು. ಅದು ಅವರಿಗೂ ತಿಳಿದಿತ್ತು. ಒಮ್ಮೆ ಮೆಟ್ಟಿಲ ಮೇಲೆ ಆ ಹೆಸರು ಹಿಡಿದು ನಗುತ್ತಿದ್ದ ಹುಡುಗಿಯರ ಹಿಂದೆಯೇ ಬಂದು, "ಈ ಹೆಸರು ಎಲ್ಲಿಂದ ಬಂತು?" ಎಂದು ಗಂಭೀರವಾಗಿ ಕೇಳಿ ಹೋದರು.

ಮುಂದೆ ನನಗೆ ಅಲ್ಲಿಯೇ ಸಹಾಯಕಿಯ ಕೆಲಸ ಸಿಕ್ಕಿತು. ಅರ್ಜಿ ಹಾಕು ಎಂದು ಬೆನ್ನು ಬಿದ್ದವರು ಅವರೇ. ನಾನು ಅರ್ಜಿ ಬರೆದು, ನನ್ನಿಂದಾಗದೆಂದು ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. "ನಿನ್ನಿಂದ ಆಗಲ್ಲ ಅಂತ ಹೇಳೋರು ಯಾರು? ಅವರಿಗೆ ಹೇಗೆ ಗೊತ್ತು?" ಎಂದು ಕೇಳಿದರು. ಹೇಳುತ್ತಿದ್ದವಳು ನಾನೊಬ್ಬಳೇ ಎಂದು ಆಗ ತಿಳಿಯಿತು.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅವರು ಗ್ರಂಥಾಲಯದಲ್ಲೇ ಸಂಜೆ ತರಗತಿಯೊಂದನ್ನು ಆರಂಭಿಸಿದರು. ಅಂಗಡಿಯವರು, ನಿವೃತ್ತರು, ಗೃಹಿಣಿಯರು, ಆಟೋ ಓಡಿಸುವವರು ಬರುತ್ತಿದ್ದರು. ಮೊಬೈಲಿಗೆ ಬರುವ ಸಂದೇಶಗಳಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಗುರುತಿಸುವ ಪಾಠ. ಅಭ್ಯಾಸಕ್ಕೆಂದು ಮೇಡಂ ತಾವೇ ಒಂದು ಸುಳ್ಳು ಸಂದೇಶ ಕಟ್ಟಿದರು. ದಿನವೂ ಬೆಳಿಗ್ಗೆ ಎಡ ಮಗ್ಗುಲಿಗೆ ಹೊರಳಿ ಎದ್ದು, ತಣ್ಣಗಿನ ಚಮಚದ ಬೆನ್ನನ್ನು ಹುಬ್ಬಿನ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಕಣ್ಣಿನ ಪೊರೆ ತಾನೇ ಕರಗುತ್ತದೆ ಎಂಬುದು ಅದರ ಸಾರ. ವೈದ್ಯರ ಹೆಸರಿಲ್ಲ, ತಾರೀಖಿಲ್ಲ, ದೂರದ ಯಾವುದೋ ದೊಡ್ಡ ಆಸ್ಪತ್ರೆಯ ಮಾತು, ಕೊನೆಯಲ್ಲಿ 'ನಿಮ್ಮವರಿಗೆಲ್ಲ ಕಳಿಸಿ' ಎಂಬ ಕೋರಿಕೆ. ಸುಳ್ಳಿನ ಲಕ್ಷಣಗಳನ್ನೆಲ್ಲ ಬೇಕೆಂದೇ ತುರುಕಿದ್ದರು. ತರಗತಿ ನಕ್ಕು ನಕ್ಕು ಒಂದೊಂದನ್ನೇ ಹೆಕ್ಕಿತು. ಅಷ್ಟು ಒಳ್ಳೆಯ ಪಾಠ ಅದಕ್ಕೆ ಮೊದಲು ನಡೆದಿರಲಿಲ್ಲ.

ಕೆಲವು ತಿಂಗಳ ನಂತರ ಒಂದು ಸಂಜೆ ಮನೆಗೆ ಹೋದರೆ, ನಮ್ಮಮ್ಮ ಚಾಪೆಯ ಮೇಲೆ ಮಲಗಿ ಎರಡು ಹುಬ್ಬಿನ ಮೇಲೂ ಚಮಚ ಇಟ್ಟುಕೊಂಡಿದ್ದಳು.

ಅಮ್ಮ ದರ್ಜಿ ಅಂಗಡಿಯೊಂದಕ್ಕೆ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದುಕೊಡುವವಳು. ನಮ್ಮನ್ನು ಸಾಕಿದ್ದು ಆ ಕೆಲಸ. ಎರಡೂ ಕಣ್ಣಿಗೆ ಪೊರೆ ಬಂದು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಅಮ್ಮ ನನಗೆ ಹೇಳದೆ ಆ ದಿನವನ್ನು ತಪ್ಪಿಸಿಬಿಟ್ಟಿದ್ದಳು.

"ಚಮಚದಲ್ಲಿ ಹೋಗೋದಕ್ಕೆ ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದ್ಯಾ? ನಿನ್ನ ಚಿಕ್ಕಮ್ಮ ಕಳ್ಸಿದಾಳೆ, ನೋಡು" ಎಂದು ಮೊಬೈಲು ಚಾಚಿದಳು. ಎಡ ಮಗ್ಗುಲು, ಚಮಚ, ದೊಡ್ಡ ಆಸ್ಪತ್ರೆ. ಸುತ್ತ ಹೂವಿನ ಚಿತ್ರಗಳು ಸೇರಿಕೊಂಡಿದ್ದವು, ಅಷ್ಟೆ.

ಮಾರನೆಯ ದಿನ ಮೇಡಂ ಕಪಾಟುಗಳ ನಡುವೆ ಪುಸ್ತಕ ಜೋಡಿಸುತ್ತಿದ್ದಾಗ ವಿಷಯ ಹೇಳಿದೆ. ಅವರು ಮೇಲಿನ ಸಾಲಿಗೆ ಹತ್ತಲು ಇಟ್ಟ ಮಣೆಯ ಮೇಲೆ ಕುಳಿತುಬಿಟ್ಟರು. "ಚಮಚ ಯಾರಿಗೂ ನೋವು ಮಾಡಲ್ಲ ಅಂತ ಯೋಚನೆ ಮಾಡೇ ಬರೆದಿದ್ದೆ ಕಣೇ. ಕಾಯೋದು ನೋವು ಮಾಡುತ್ತೆ ಅಂತ ಹೊಳೀಲೇ ಇಲ್ಲ" ಎಂದರು. ಆ ಸಂಜೆಯೇ ನಮ್ಮ ಮನೆಗೆ ಬಂದರು.

ನಮ್ಮದು ಒಂದೂವರೆ ಕೋಣೆಯ ಮನೆ. ಕಿಟಕಿಯ ಕೆಳಗೆ ಅಮ್ಮನ ಹೊಲಿಗೆಯ ಗಂಟು. ಮೇಡಂ ಕೈ ಹಿಂದೆ ಕಟ್ಟಿಯೇ ನಿಂತರು; ಆ ಹೊತ್ತಿಗೆ ಅದು ಅವರ ನಿಲುವೇ ಆಗಿಹೋಗಿತ್ತು.

"ಏನು ಮೇಡಮ್ಮ, ಮೇಷ್ಟ್ರು ಶಿಕ್ಷೆ ಕೊಟ್ಟಂಗೆ ನಿಂತ್ಬಿಟ್ರಲ್ಲ? ಕೂತ್ಕೊಳ್ಳಿ" ಎಂದಳು ಅಮ್ಮ.

ಮೇಡಂ ಕುಳಿತರು. "ಅಮ್ಮ, ಆ ಚಮಚದ ಮಾತು ಸುಳ್ಳು. ಅದನ್ನ ಕಟ್ಟಿದೋಳು ನಾನೇ. ಪಾಠಕ್ಕೆ ಅಂತ ಬರೆದೆ. ನನ್ನಿಂದ ನಿಮಗೆ ತೊಂದರೆ ಆಗ್ತಿದೆ. ದಯವಿಟ್ಟು ಆಸ್ಪತ್ರೆಗೆ ಹೋಗಿ."

ಅಮ್ಮ ನಕ್ಕಳು. ಬಳಿಕ ನನ್ನ ಕಡೆ ಬೆರಳು ತೋರಿ ಮೇಡಂಗೆ, "ಇವಳು ಹೇಳ್ಕೊಟ್ಟು ಕರ್ಕೊಂಡು ಬಂದಿದಾಳೆ. ನಿಮ್ಮಂಥ ಓದಿದೋರು ಯಾಕೆ ತಾಯಿ ಸುಳ್ಳು ಬರೀತೀರಿ? ನನ್ನನ್ನ ಕತ್ತಿ ಕೆಳಗೆ ಮಲಗ್ಸೋಕೆ ಈ ನಾಟಕ. ನೀವೇ ಬರೆದಿದ್ದು ಅನ್ನೋಕೆ ಏನು ಸಾಕ್ಷಿ?" ಎಂದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮೇಡಂ ಮುಖ ಅರಳಿತು. ತರಗತಿಯಲ್ಲಿ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದಾಗ ಅರಳುವಂತೆಯೇ.

"ಒಳ್ಳೇ ಪ್ರಶ್ನೆ ಅಮ್ಮ. ನನ್ನ ಮಾತು ನಂಬಬೇಡಿ. ಇದೇ ಪ್ರಶ್ನೆನ ಆ ಮೆಸೇಜಿಗೂ ಕೇಳಿ. ನನ್ನನ್ನ ಸಾಕ್ಷಿ ಕೇಳಿದಿರಿ, ಅದನ್ನ ಯಾಕೆ ಕೇಳಲಿಲ್ಲ?"

ಅಮ್ಮ ಚಮಚವನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಮೆಸೇಜು ಮಾತಾಡುತ್ತಾ?" ಎಂದಳು.

"ಕಳಿಸಿದೋರು ಮಾತಾಡ್ತಾರಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ತನಿಖೆ ಶುರುವಾಯಿತು. ಮೇಡಂ ಸಂಜೆ ಬಂದು ಕೂರುವರು. ಫೋನು ಹಚ್ಚುವವಳು, ಕೇಳುವವಳು ಅಮ್ಮನೇ. ಅಂಕಿ ಕಾಣದೆ ಬೇರೆ ಯಾರಿಗೋ ಹೋದಾಗಲೂ ಮೇಡಂ ಕೈ ಹಾಕಲಿಲ್ಲ. ಅಮ್ಮ ಮೊದಲು ಹಿಡಿದದ್ದು ತಂಗಿಯನ್ನು.

"ಏನೇ, ಆ ಚಮಚದ್ದು ನಿಂಗ್ಯಾರು ಕಳ್ಸಿದ್ದು?"

"ನಮ್ಮ ಬೀಗಿತ್ತಿ, ಅಕ್ಕ."

"ಅವಳ ಕಣ್ಣಿಗೇನಾಗಿತ್ತು?"

"ಅವಳಿಗೇನು? ಹದ್ದಿನ ಕಣ್ಣು! ನನ್ನ ಮಗಳು ಪಾತ್ರೆ ತೊಳೆದಿದ್ರಲ್ಲಿ ಜಿಡ್ಡು ಹುಡುಕ್ತಾಳೆ."

"ಮತ್ಯಾಕೆ ಕಳ್ಸಿದ್ಲು?"

"ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ. ಒಳ್ಳೇದಕ್ಕೂ ಹಿಂಗೆ ಪೊಲೀಸ್ನೋರ ಥರ ಕೇಳ್ತಾರಾ?"

ಬೀಗಿತ್ತಿಗೆ ಬಂದದ್ದು ಪಕ್ಕದ ಮನೆಯ ನರ್ಸಮ್ಮನಿಂದ. ನರ್ಸಮ್ಮ ಕಳಿಸಿದ್ದೆಂದೇ ಎಲ್ಲರೂ ನಂಬಿದ್ದು. ನರ್ಸಮ್ಮ ಅದನ್ನು ಓದಿಯೇ ಇರಲಿಲ್ಲ. ಹೂವು ಚೆನ್ನಾಗಿತ್ತೆಂದು ಕಳಿಸಿದ್ದಳು. ಅವಳಿಗೆ ಕಳಿಸಿದವರ ನಂಬರು ಈಗ ಚಾಲ್ತಿಯಲ್ಲಿರಲಿಲ್ಲ. ದಾರಿ ಅಲ್ಲಿಗೆ ಕಡಿಯಿತು. ಗ್ರಂಥಾಲಯದವರೆಗೆ ಅದು ಬರಲೇ ಇಲ್ಲ. ಮೇಡಂ ಹೇಳಿದ್ದಕ್ಕೆ ಅಮ್ಮನಿಗೆ ಸಾಕ್ಷಿ ಕೊನೆಗೂ ಸಿಗಲಿಲ್ಲ. ಅಮ್ಮ ಮೊಬೈಲು ಕೆಳಗಿಟ್ಟು, ಗೋಡೆಗೊರಗಿ ಹೇಳಿದಳು: "ಕಳ್ಸಿದೋರು ಬೇಕಾದಷ್ಟು ಜನ ಇದಾರೆ. ಕಣ್ಣು ಸರಿಯಾದೋರು ಒಬ್ಬರೂ ಸಿಗಲಿಲ್ಲ. ಮೇಡಮ್ಮ, ನೀವು ಬರೆದಿದ್ದೋ ಅಲ್ವೋ ನಂಗೆ ಗೊತ್ತಿಲ್ಲ. ಆದ್ರೆ ಇದು ಸುಳ್ಳು."

ಇದಕ್ಕಿಂತ ಮಿಗಿಲಾದ ಉತ್ತರವನ್ನು ಆ ತರಗತಿಯಲ್ಲಿ ಯಾರೂ ಕೊಟ್ಟಿರಲಿಲ್ಲ ಎಂದು ಮೇಡಂ ಇಂದಿಗೂ ಹೇಳುತ್ತಾರೆ.

ಶಸ್ತ್ರಚಿಕಿತ್ಸೆಗೆ ಮತ್ತೆ ದಿನ ಸಿಗುವುದು ತಡವಾಯಿತು. ಆ ನಡುವೆ ಅಮ್ಮನಿಗೆ ಸೂಜಿಯ ಕಣ್ಣೇ ಕಾಣದಾಯಿತು. ಅಂಗಡಿಯವರು ಕೆಲಸವನ್ನು ಬೇರೆಯವರಿಗೆ ಕೊಡುವ ಮಾತಾಡಿದರು. ಮೇಡಂ ಗ್ರಂಥಾಲಯ ಮುಚ್ಚಿದ ಮೇಲೆ ಬಂದು, ಕಿಟಕಿಯ ಬೆಳಕಿರುವಾಗಲೇ ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ, ಮೆತ್ತೆಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದರು. ಅಮ್ಮ ಬೆರಳ ತುದಿಯ ಅಂದಾಜಿನಲ್ಲೇ ಕಾಜಾ ಹೊಲಿಯುತ್ತಿದ್ದಳು. ಯಾರ ಕೈಯಿಂದಲೂ ಮೌಸ್ ತೆಗೆದುಕೊಳ್ಳದೆ ಹಿಂದೆ ಕಟ್ಟಿಕೊಂಡಿರುತ್ತಿದ್ದ ಆ ಕೈಗಳು ನಮ್ಮ ಮನೆಯಲ್ಲಿ ಮಾತ್ರ ಮುಂದೆ ಬಂದವು. ಬೇಡವೆಂದು ನಾನು ಸಂಕೋಚಪಟ್ಟರೆ, "ಇದು ಪಾಠ ಅಲ್ಲ, ಸುಮ್ನಿರು" ಎಂದು ಗದರಿದರು. "ನಿಮ್ಮ ದಾರ ಉದ್ದ ಜಾಸ್ತಿ ತಾಯಿ, ಗಂಟು ಬೀಳುತ್ತೆ" ಎಂದು ಅಮ್ಮ ಅವರನ್ನೂ ತಿದ್ದುತ್ತಿದ್ದಳು. ಆ ತಿದ್ದುವಿಕೆಯನ್ನು ಅವರು ಒಬ್ಬ ವಿದ್ಯಾರ್ಥಿನಿಯ ಶ್ರದ್ಧೆಯಿಂದ ಪಾಲಿಸಿದರು.

ಬಲಗಣ್ಣು ಚೆನ್ನಾಗಿ ಬಂತು. ಎಡಗಣ್ಣಿನ ಪೊರೆ ಬಲಿತಿತ್ತು. ಚಿಕಿತ್ಸೆಯಾದರೂ ಅದು ಪೂರ್ತಿ ತಿಳಿಯಾಗಲಿಲ್ಲ. ತಡವಾಗದಿದ್ದರೆ ಆಗುತ್ತಿತ್ತೇ ಎಂದು ಮೇಡಂ ವೈದ್ಯರನ್ನು ಕೇಳಿದರು. ಹೇಳಲಾಗದು ಎಂದರು ವೈದ್ಯರು. ಅಮ್ಮ ಈಗಲೂ ಕಾಜಾ ಹೊಲಿಯುತ್ತಾಳೆ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿಕೊಂಡು.

ಅವರು ಮುಂದೆ ಮಾಡಿದ್ದನ್ನು ಬಲ್ಲವರು ಕಡಿಮೆ. ಗ್ರಂಥಾಲಯದ ಬಾಗಿಲಿಗೆ ತಮ್ಮದೇ ಕೈಬರಹದಲ್ಲಿ ಒಂದು ಹಾಳೆ ಅಂಟಿಸಿದರು. ಚಮಚದ ಸಂದೇಶ ಸುಳ್ಳು, ಅದನ್ನು ಬರೆದವಳು ನಾನು, ನಿಮ್ಮವರಿಗೆ ಬಂದಿದ್ದರೆ ದಯವಿಟ್ಟು ತಿಳಿಸಿ ಎಂದು. ಮೇಲಿನವರು, "ಯಾರಿಗೂ ಗೊತ್ತೇ ಇಲ್ಲ, ಸುಮ್ಮನಿದ್ದರೆ ತಾನೇ ಮರೆತುಹೋಗುತ್ತೆ. ಇದರಿಂದ ಸಂಸ್ಥೆಗೆ ಕೆಟ್ಟ ಹೆಸರು" ಎಂದರು. ಮೇಡಂ, "ಹೆಸರು ನನ್ನದೇ ಬರೆದಿದೀನಿ ಸಾರ್" ಎಂದರು. ಇದನ್ನು ನಾನೇ ಕೇಳಿದ್ದೇನೆ. ಅವರ ಬಡ್ತಿ ಆ ವರ್ಷ ನಿಂತದ್ದು ಇದಕ್ಕೇ ಎಂದು ಕೆಲವರು ಹೇಳುತ್ತಾರೆ, ನನಗೆ ಖಚಿತವಿಲ್ಲ. ತರಗತಿಯನ್ನು ಅವರು ನಿಲ್ಲಿಸಲಿಲ್ಲ. ಆದರೆ ಮತ್ತೆಂದೂ ಸುಳ್ಳನ್ನು ಕಟ್ಟಲಿಲ್ಲ. ಹೊರಗೆ ಈಗಾಗಲೇ ಓಡಾಡುತ್ತಿರುವುದನ್ನೇ ತಂದು ಬಿಡಿಸಿ ತೋರಿಸಿದರು. ಪ್ರತಿ ಹೊಸ ತರಗತಿಯ ಮೊದಲ ದಿನ ಚಮಚದ ಕಥೆ ಹೇಳಿ, "ಹಾಗಾಗಿ ನನ್ನನ್ನೂ ಸಾಕ್ಷಿ ಕೇಳಿಯೇ ನಂಬಿ" ಎಂದು ಪಾಠ ಆರಂಭಿಸಿದರು. ಒಮ್ಮೊಮ್ಮೆ ಅಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂತು, "ಇವರೇ ಬರೆದಿದ್ದು ಅನ್ನೋದನ್ನ ನಾನಿನ್ನೂ ಒಪ್ಪಿಲ್ಲ" ಎಂದು ಇಡೀ ತರಗತಿಯನ್ನು ನಗಿಸುತ್ತಿದ್ದಳು.

ಈಗ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಗೆ ದೀರ್ಘಾಯುಸ್ಸು, ಆರೋಗ್ಯ, ಮುಖ್ಯವಾಗಿ ಒಳ್ಳೆಯ ಕಣ್ಣುಗಳು ಇರಲೆಂದು ನಾವು ತಾಯಿ ಮಗಳು ಹಾರೈಸುತ್ತೇವೆ. ಅವರಿಗೆ ವಿಶ್ರಾಂತಿ ಸಿಗಲೆಂದು ಹಾರೈಸುವುದಿಲ್ಲ, ಏಕೆಂದರೆ ಅವರಿಗೆ ಅದು ಬೇಡ. ಸಂಜೆ ತರಗತಿಗೆ ಬರುತ್ತಲೇ ಇರುತ್ತಾರಂತೆ, ಕುರ್ಚಿ ತೆಗೆದಿಡಬೇಕೆಂದು ಈಗಲೇ ನನಗೆ ಹೇಳಿದ್ದಾರೆ.

ಬಾಗಿಲಿನ ಹಾಳೆಯನ್ನು ತೆಗೆಯಲೇ ಎಂದು ಕಳೆದ ವಾರ ಕೇಳಿದೆ. ಬಿಸಿಲಿಗೆ ಅಕ್ಷರ ಮಾಸಿತ್ತು. "ಬೇಡ, ಹೊಸದಾಗಿ ಬರೆದು ಅಂಟಿಸು" ಎಂದರು. ಬರೆದು ಅಂಟಿಸಿದ್ದೇನೆ. ಆ ಹಾಳೆ ನೋಡಿ ನಮಗೂ ಬಂದಿತ್ತೆಂದು ಹೇಳಲು ಬಂದವರು ಕೆಲವೇ ಜನ. ಆ ಸಂದೇಶವನ್ನು ತರಗತಿಯಿಂದ ಹೊರಗೆ ಒಯ್ದವರು ಯಾರೆಂದು ತಿಳಿದಿಲ್ಲ. ಮೇಡಂ ಕೇಳಲೂ ಇಲ್ಲ. ಅದು ಎಷ್ಟು ಮನೆಗಳಿಗೆ ಹೋಯಿತು, ಎಲ್ಲಿ ಯಾರು ಇನ್ನೂ ಹುಬ್ಬಿನ ಮೇಲೆ ಚಮಚ ಇಟ್ಟುಕೊಂಡು ಕಾಯುತ್ತಿದ್ದಾರೆ, ಅವರಿಗೆ ಒಂದು ಸಾಕ್ಷಿ ಕೇಳಿ ಎಂದು ಹೇಳಲು ಯಾರಾದರೂ ಇದ್ದಾರೆಯೇ ಎಂಬುದು ಮೇಡಂ ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.