ಅಳತೆ ಅಕ್ಕೋರು

ಅವರ ಎಡಗೈ ಹೆಬ್ಬೆರಳಿನ ಉಗುರು ಕಪ್ಪಗಾಗಿ ಸತ್ತುಹೋಗಿತ್ತು. ಜೀಪಿನ ಬಾಗಿಲಿಗೆ ಸಿಕ್ಕಿದ್ದಂತೆ, ಮತ್ತೆ ಸರಿಯಾಗಲೇ ಇಲ್ಲ. ಆ ಬೆರಳಿನಿಂದಲೇ ಸ್ಟೀಲ್ ಬಟ್ಟಲಿನ ಅಂಚನ್ನು ಒತ್ತಿ ಹಿಡಿದು, "ಇದರಾಗ ಎಷ್ಟು ಬಟ್ಲಾ ಅನ್ನ ಉಂಡ್ರಿ?" ಎಂದು ಕೇಳುತ್ತಿದ್ದರು. ಜನ ಏನು ಉಣ್ಣುತ್ತಾರೆ, ಅವರಿಗೆ ಯಾವ ಕಾಯಿಲೆ ಬರುತ್ತದೆ ಎಂದು ವರ್ಷಗಟ್ಟಲೆ ನೋಡುವ ಯಾವುದೋ ದೊಡ್ಡ ಸಮೀಕ್ಷೆಗಾಗಿ ಹೊಸಪೇಟೆಯಿಂದ ನಮ್ಮೂರು ಮೆಟ್ರಿಗೆ ಬರುತ್ತಿದ್ದರು. ಎಂಬತ್ತರ ದಶಕದ ಮಾತು. ಊರವರ ಬಾಯಲ್ಲಿ ಅವರು ಅಳತೆ ಅಕ್ಕೋರು.

ಕಾಲುವೆ ಬಂದು ಭತ್ತ ಬೆಳೆಯತೊಡಗಿದ ಮೇಲೆ ನಮ್ಮೂರಿನಲ್ಲಿ ಅನ್ನವೇ ಮರ್ಯಾದೆ. ರೊಟ್ಟಿ ತಿಂದವರೂ ಅನ್ನ ಉಂಡೆವು ಎನ್ನುತ್ತಿದ್ದರು. ಅಕ್ಕೋರು ಸಿಟ್ಟಾಗುತ್ತಿರಲಿಲ್ಲ. "ಹಂಗಾದ್ರ ರೊಟ್ಟಿ ಬಡಿಯೋ ಸಪ್ಪಳ ಯಾರ ಮನಿದು?" ಎಂದು ನಕ್ಕು, ಇನ್ನೊಮ್ಮೆ ಕೇಳುತ್ತಿದ್ದರು. ಪ್ರಶ್ನೆ ಮುಗಿಯುವ ತನಕ ಯಾರ ಮನೆಯ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಯಾರಾದರೂ "ಏನು ಉಣಬೇಕು, ಹೇಳ್ರಿ" ಎಂದರೆ ತಲೆಯಲ್ಲಾಡಿಸುತ್ತಿದ್ದರು. "ಕೇಳೂದಷ್ಟ ನನ್ನ ಕೆಲಸ. ನಾ ಹೇಳಿದ್ರ ನೀವು ಬ್ಯಾರೆ ಉಣ್ತೀರಿ. ಆಮ್ಯಾಲೆ ನನ್ನ ಲೆಕ್ಕ ಕೆಡ್ತೈತಿ." ಇಂಥ ಬಿಗಿ ಹೆಂಗಸನ್ನು ಕಂಡರೆ ನನಗೆ ಸ್ವಲ್ಪ ಭಯವೇ ಇತ್ತು.

ಆಗ ನಾನು ಎಂಟು ತಿಂಗಳ ಬಸುರಿ. ಮನೆಯಲ್ಲಿ ಭತ್ತದ ಚೀಲಗಳು ತೊಲೆ ಮುಟ್ಟುತ್ತಿದ್ದವು. ನನ್ನ ಹೊಟ್ಟೆ ಮಾತ್ರ ಹಸಿವಿನಿಂದ ಉರಿಯುತ್ತಿತ್ತು. ಅತ್ತೆ ಕೆಟ್ಟವರಲ್ಲ. ಕೂಸು ದೊಡ್ಡದಾಗಿ ಅವರ ಹಿರಿ ಮಗಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ಅವರದು ಒಂದೇ ಹಟ: ಬಸುರಿ ಅರೆಹೊಟ್ಟೆ ಉಂಡರೆ ಕೂಸು ಸಣ್ಣದಾಗಿ ಹೆರಿಗೆ ಸಲೀಸು. ಬೆಳಿಗ್ಗೆ ಅರ್ಧ ರೊಟ್ಟಿ, ಆಮೇಲೆ ಒಂದು ಹಿಡಿ ಅನ್ನ. ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಸಂಡೂರಿನ ಗಣಿಯಲ್ಲಿದ್ದ ಗಂಡನಿಗೆ ಹೇಳಿದರೆ, "ಅವ್ವಗ ಗೊತ್ತಿರ್ತೈತಿ" ಎಂದು ಮುಗಿಸಿದ.

ಒಂದು ದಿನ ಅಕ್ಕೋರು ನಮ್ಮ ಮನೆಯ ಲೆಕ್ಕ ಕೇಳಲು ಬಂದು ನನ್ನೆದುರು ಕುಳಿತರು. ಅತ್ತೆ ನನ್ನ ಬೆನ್ನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು.

"ನಿನ್ನೆ ಮಧ್ಯಾಹ್ನ ಏನು ಉಂಡಿ, ತಂಗಿ?"

"ಎರಡು ರೊಟ್ಟಿ, ಪಲ್ಯ, ಬ್ಯಾಳಿ, ಎರಡು ಬಟ್ಲಾ ಅನ್ನ" ಎಂದು ಅತ್ತೆಯೇ ಹೇಳಿದರು.

"ಉಂಡಾಕಿ ಹೇಳಬೇಕ್ರೀ ಅವ್ವಾರ."

ನಾನೂ ಗಿಣಿಯಂತೆ ಅದನ್ನೇ ಒಪ್ಪಿಸಿದೆ. ಅಕ್ಕೋರು ಚೀಲದಿಂದ ಮಂಡಕ್ಕಿಯ ಪೊಟ್ಟಣ ತೆಗೆದರು. ಉಂಡ ಅನ್ನದಷ್ಟೇ ಮಂಡಕ್ಕಿಯನ್ನು ಬಟ್ಟಲಿಗೆ ಸುರಿಸಿ ಅಳತೆ ನೋಡುವುದು ಅವರ ಪದ್ಧತಿ. "ಬಟ್ಲಾದಾಗ ಹಾಕಿ ತೋರ್ಸು" ಎಂದರು.

ಹಾಕತೊಡಗಿದೆ. ಬಟ್ಟಲಿನ ತಳ ಮುಚ್ಚಿದ್ದೇ ತಡ, ದಿನವೂ ನನ್ನ ಅನ್ನ ನಿಲ್ಲುವ ಕಡೆಯಲ್ಲೇ ಕೈ ನಿಂತುಬಿಟ್ಟಿತು. ಹಿಂದೆ ಅತ್ತೆಯ ಬಳೆ ಸದ್ದಾಯಿತು. ಇನ್ನಷ್ಟು ಹಾಕಬೇಕು ಎಂದುಕೊಂಡು ಮತ್ತೊಂದು ಹಿಡಿ ತೆಗೆದವಳು ಬಟ್ಟಲಿಗೆ ಹಾಕಲಿಲ್ಲ, ಬಾಯಿಗೆ ಹಾಕಿಕೊಂಡೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಅಳತೆಯ ಮಂಡಕ್ಕಿಯನ್ನೆಲ್ಲ ಗಬಗಬ ಮುಕ್ಕಿದೆ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಮುಂದೆ ಬಂದರು.

"ನಾ ಸೊಸೀನ ಉಪಾಸ ಕೆಡವೀನಿ ಅಂತ ಬರಕೋತೀರೇನು? ದೊಡ್ಡ ಕೂಸು ಹಡೀಲಾರದ ನನ್ನ ಮಗಳು ನನ್ನ ತೊಡಿ ಮ್ಯಾಲೆ ಸತ್ಲು. ನಿಮಗೇನು ಗೊತ್ತು? ಏಳ್ರಿ, ಹೊರಗ ನಡೀರಿ!"

ಅಕ್ಕೋರು ಏಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ಆ ಕಪ್ಪು ಉಗುರಿನ ಬೆರಳಿನಿಂದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಏನೂ ಬರಕೊಳ್ಳಂಗಿಲ್ಲ ಅವ್ವಾ. ನನಗ ಹಸಿವಾಗೈತಿ, ಒಂದು ತುತ್ತು ಹಾಕ್ರಿ. ಈಕಿನೂ ನನ್ನ ಜೋಡಿ ಕುಂದ್ರಲಿ. ಈಕಿಗೆ ಎಷ್ಟು ಹಾಕ್ತೀರೋ ನನಗೂ ಅಷ್ಟ ಹಾಕ್ರಿ."

ಹಸಿವೆಂದು ಕೂತವರನ್ನು ಎಬ್ಬಿಸಿ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಬಂದವರಿಗೆ ಅರೆಹೊಟ್ಟೆ ಬಡಿಸುವ ಮನೆಯೂ ಇಲ್ಲ. ಅತ್ತೆ ಒಲೆಯ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಎರಡು ತಾಟು ತಂದಿಟ್ಟರು. ನನ್ನ ತಾಟಿನಲ್ಲೂ ಎರಡು ರೊಟ್ಟಿ, ಬ್ಯಾಳಿ, ಬೆಣ್ಣೆ. ನಾನು ಮುಗಿಸುವ ತನಕ ಅಕ್ಕೋರು ನಿಧಾನವಾಗಿ ಉಂಡರು. ಕೈ ತೊಳೆದು ಬಂದು ಅತ್ತೆಯ ಕೈ ಹಿಡಿದರು.

"ಹೆರಿಗಿ ಮನ್ಯಾಗ ಬ್ಯಾಡ. ಹೊಸಪ್ಯಾಟಿ ದೊಡ್ಡಾಸ್ಪತ್ರಿಗೆ ನಾನ ಕರಕೊಂಡು ಹೋಗ್ತೀನಿ. ಅಲ್ಲೀತನ ಹೊಟ್ಟಿ ತುಂಬ ಹಾಕ್ರಿ."

ಅತ್ತೆ ಗೋಡೆ ಹಿಡಿದು ಅತ್ತರು. ಅಕ್ಕೋರು ನಮ್ಮ ಮನೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಹೋದರು. ಹೇಳಿಕೊಟ್ಟ ಮೇಲೆ ಈ ಮನೆಯ ಊಟ ಸಮೀಕ್ಷೆಗೆ ಬರುವುದಿಲ್ಲವಂತೆ.

ದಿನ ತುಂಬುವ ಮೊದಲೇ ಅಕ್ಕೋರು ಜೀಪು ತಂದು ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ಮಗಳು ಗುಂಡುಗುಂಡಗೆ ಹುಟ್ಟಿದಳು. ಬಂದವರಿಗೆಲ್ಲ ಅತ್ತೆಯೇ ಎತ್ತಿ ತೋರಿಸಿದರು. ಸಮೀಕ್ಷೆಯ ಜೀಪಿನಲ್ಲಿ ಬಸುರಿಯನ್ನು ಸಾಗಿಸಿದ್ದಕ್ಕೆ ಅಕ್ಕೋರ ಕೆಲಸ ಹೋಯಿತೆಂದು ಆಮೇಲೆ ತಿಳಿಯಿತು. ಕೇಳಿದರೆ, "ನನ್ನ ಲೆಕ್ಕ ನಾನ ಕೆಡಿಸಿದೆ, ಕೇಳದ ಜೀಪೂ ಒಯ್ದೆ, ಅವರು ತೆಗೆದದ್ದು ಸರಿನ ಐತಿ" ಎಂದರು. ಅವರು ಏನೇ ಹೇಳಲಿ, ಅವರನ್ನು ಕೆಲಸದಿಂದ ತೆಗೆದವರ ಮೇಲೆ ನನಗೆ ಇಂದಿಗೂ ಸಿಟ್ಟು ಹೋಗಿಲ್ಲ.

ಅಕ್ಕೋರು ತೀರಿಕೊಂಡಾಗ ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಹೋದೆ. ನಮ್ಮ ಕಡೆಯ ರೂಢಿಯಂತೆ ಜನ ಹೆಣದ ಮುಂದೆ ದಾರಿಯುದ್ದಕ್ಕೂ ಮಂಡಕ್ಕಿ ತೂರುತ್ತಾ ನಡೆದಿದ್ದರು. ನಾನೂ ಚೀಲಕ್ಕೆ ಕೈ ಹಾಕಿದೆ. ಹಿಡಿ ತುಂಬ ತೆಗೆದು ತೂರಿದೆ, ಮತ್ತೆ ತೆಗೆದೆ, ಮತ್ತೆ ತೂರಿದೆ. ಸ್ಮಶಾನ ಬರುವ ತನಕ ನನ್ನ ಕೈ ಎಲ್ಲೂ ನಿಲ್ಲಲಿಲ್ಲ.