ಹುರುಳಿ ತಿನ್ನುತ್ತಿದ್ದ ಚಿಕ್ಕಜ್ಜ

ಜಾಲ್ಸೂರಿನ ಹುಡುಗ ನನ್ನನ್ನು ನೋಡಿ ಒಪ್ಪಿದ್ದ. ನಾನೂ ಒಪ್ಪಿದ್ದೆ, ನನ್ನನ್ನು ಕೇಳಿದವರು ಯಾರೂ ಇಲ್ಲದಿದ್ದರೂ. ಅರವತ್ತರ ದಶಕದ ಆರಂಭ ಅದು. ನಿಶ್ಚಿತಾರ್ಥಕ್ಕೆ ದಿನ ಕೇಳಲು ದೊಡ್ಡಪ್ಪ ಕುಂಬ್ರದ ಕಡೆಯ ಜೋಯಿಸರಲ್ಲಿಗೆ ಹೋದರೆ ಅವರು ದಿನ ಕೊಡಲಿಲ್ಲ. "ನಿಮ್ಮ ಮನೆಯ ಹಿರಿಯ ಜೀವವೊಂದು ಹಸಿದು ಕೂತಿದೆ, ಅದಕ್ಕೆ ಬಡಿಸದೆ ಈ ಮದುವೆ ಬೇಡ" ಎಂದು ಕಳಿಸಿದರು.

ನಮ್ಮಲ್ಲಿ ವರ್ಷಕ್ಕೊಮ್ಮೆ ಗತಿಸಿದ ಹಿರಿಯರಿಗೆ ಎಲೆ ಹಾಕಿ ಕೋಳಿ ಸಾರು ಬಡಿಸುವ ಕ್ರಮ. ಅದರಲ್ಲಿ ಬಿಟ್ಟುಹೋದವರು ಯಾರೆಂದು ಅಜ್ಜಿಗೂ ಹೊಳೆಯಲಿಲ್ಲ. ದೊಡ್ಡಪ್ಪ ಅಟ್ಟದ ಪೆಟ್ಟಿಗೆ ಇಳಿಸಿದರು. ಮುತ್ತಜ್ಜನ ಮರಣಶಾಸನ, ಮನೆ ಸಾಮಾನಿನ ಪಟ್ಟಿ, ಎಲ್ಲ ಗೆದ್ದಲು ತಿಂದು ಬಿಟ್ಟಷ್ಟು. ಆ ಹಳೆಯ ಕಾಲದ ಅಕ್ಷರ ತನಗೊಬ್ಬನಿಗೇ ಓದಲು ಬರುವುದೆಂಬ ಜಂಬ ಅವರಿಗೆ. ಪಕ್ಕದಲ್ಲಿ ಕೂತ ನನಗೂ ಬರತೊಡಗಿತು. ನನ್ನ ಮದುವೆಯಲ್ಲವೇ, ಅವಸರ ನನಗೆ.

ಶಾಸನದಲ್ಲಿ ಯಾರೂ ಕೇಳಿರದ ಒಂದು ಹೆಸರು ಸಿಕ್ಕಿತು. "ಈ ಮನೆಗಾಗಿ ದುಡಿದು ಸೋತ ಇವನನ್ನು ಯಾರೂ ಹೊರಗೆ ಹಾಕತಕ್ಕದ್ದಲ್ಲ. ಸಾಯುವ ತನಕ ಬೇಯಿಸಿದ ಹುರುಳಿ ಕೊಡತಕ್ಕದ್ದು. ಸತ್ತರೆ ನಮ್ಮ ಗದ್ದೆಯ ಬದಿಯಲ್ಲೇ ಮಣ್ಣು ಮಾಡತಕ್ಕದ್ದು."

"ನನ್ನ ಚಿಕ್ಕಜ್ಜ!" ಎಂದು ದೊಡ್ಡಪ್ಪ ಎದ್ದೇ ನಿಂತರು. ಹೆಂಡತಿ ಮಕ್ಕಳ ಸುದ್ದಿ ಇಲ್ಲ, ಹಾಗಾಗಿ ಬ್ರಹ್ಮಚಾರಿ. ಹುರುಳಿ ಬೇಯಿಸಬೇಕಂತೆ, ಹಾಗಾಗಿ ಹಲ್ಲಿಲ್ಲ. ಆಸ್ತಿ ಕೇಳಲಿಲ್ಲ, ಹಾಗಾಗಿ ದೇವರಂಥ ಮನುಷ್ಯ. ಅಜ್ಜಿ ಕಣ್ಣೊರೆಸಿಕೊಂಡು, "ನಾನು ಬರುವ ಮೊದ್ಲೇ ಹೋಗಿರ್ಬೇಕು ಮಾರಾಯ. ಪಾಪ, ಮಾತು ಕಮ್ಮಿ ಇದ್ದಿರ್ಬೇಕು" ಎಂದರು. ನನ್ನ ಹಟ ಈ ಚಿಕ್ಕಜ್ಜನಿಂದಲೇ ಬಂದದ್ದೆಂದೂ ತೀರ್ಮಾನವಾಯಿತು.

ಮರುದಿನವೇ ಚಿಕ್ಕಜ್ಜನಿಗೆ ಎಲೆ ಬಿತ್ತು. ಕೋಳಿ ಸಾರು, ಕಳ್ಳು, ಪ್ರತ್ಯೇಕವಾಗಿ ಮೆತ್ತಗೆ ಬೇಯಿಸಿದ ಹುರುಳಿ. ದೊಡ್ಡಪ್ಪ ಉದ್ದಕ್ಕೆ ಅಡ್ಡಬಿದ್ದು, ಇಷ್ಟು ವರ್ಷ ಮರೆತದ್ದಕ್ಕೆ ಕ್ಷಮೆ ಕೇಳಿದರು. ಜೋಯಿಸರು ದಿನ ಕೊಟ್ಟರು.

ನಿಶ್ಚಿತಾರ್ಥದ ಹಿಂದಿನ ದಿನ, ದೊಡ್ಡ ಹಂಡೆ ನಮ್ಮದೋ ದಾಯಾದಿಗಳದೋ ಎಂದು ನೋಡಲು ಅಜ್ಜಿ ನನ್ನಿಂದ ಸಾಮಾನಿನ ಪಟ್ಟಿ ಓದಿಸಿದರು. ಒನಕೆ, ನೊಗ, ಹಾರೆ, ಹಂಡೆ. ಅದರ ಕೆಳಗೆ ಎಡಕೊಂಬು ಮುರಿದ ಮುದಿ ಕೋಣ. ಅದರ ಹೆಸರು ಚಿಕ್ಕಜ್ಜನದ್ದೇ.

ನಾವು ಬಡಿಸಿದ್ದು ಕೋಣನಿಗೆ ಎಂದರೆ ಹಸಿದವರು ಹಸಿದೇ ಇದ್ದಾರೆ, ಮದುವೆ ಮತ್ತೆ ನಿಂತಿತು. ಅಳುತ್ತಾ ಅಜ್ಜಿಗೆ ಹೇಳಿದರೆ ಅವರು ಬಾಯಲ್ಲಿದ್ದ ಎಲೆಯಡಿಕೆ ಬೀಳುವಷ್ಟು ನಕ್ಕರು. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟರು.

"ಕೋಣನ ಹೆಸರು ಸಹ ಬರ್ದಿದ್ದಾರಲ್ಲ. ನನ್ನ ಅತ್ತೆದ್ದು ಉಂಟಾ ನೋಡು."

ಎರಡೂ ಕಾಗದ ಹುಡುಕಿದೆ. ಮುತ್ತಜ್ಜಿಯ ಹೆಸರು ಎಲ್ಲೂ ಇಲ್ಲ. 'ಮನೆಯ ಹೆಂಗಸರಿಗೆ ಅನ್ನ ಬಟ್ಟೆ' ಎಂದಷ್ಟೇ ಇತ್ತು.

"ನಿಮಗೆ ಗೊತ್ತಿಲ್ವಾ?" ಎಂದೆ.

"ಅತ್ತೆ ಅಂತ್ಲೇ ಕರೆದದ್ದು. ಹೆಸರು ಯಾರು ಕೇಳ್ತಾರೆ? ಎಲೆ ಸಹ ಬೇರೆ ಹಾಕ್ಲಿಲ್ಲ, ಮಾವನ ಎಲೆಯಲ್ಲೇ ಆಯ್ತು ಅಂತ."

ಗಂಡಸರು ಚಪ್ಪರ ಹಾಕುತ್ತಿದ್ದಾಗ ಅಜ್ಜಿ ಅಡುಗೆಮನೆಯಲ್ಲೇ ಒಂದು ಎಲೆ ಹಾಕಿದರು. "ಅತ್ತೆ ಬನ್ನಿ, ಬಿಸಿ ಉಂಟು, ಉಣ್ಣಿ" ಎಂದು ಕರೆದರು. ನಾನು ಪಕ್ಕದಲ್ಲಿ ನೀರಿಟ್ಟೆ.

ಮರುದಿನ ಜಾಲ್ಸೂರಿನವರು ಬಂದರು. ಹುಡುಗನ ತಾಯಿಯ ಕಾಲಿಗೆ ಬಿದ್ದ ನಾನು ಏಳುವ ಮೊದಲೇ, "ಅತ್ತೆ, ನಿಮ್ಮ ಹೆಸರೆಂತ?" ಎಂದು ಕೇಳಿಬಿಟ್ಟೆ. ಅವರು ಗಾಬರಿಯಾಗಿ ಗಂಡನ ಮುಖ ನೋಡಿದರು.